ಲೆಕ್ಕಕ್ಕೆ ಬಾರದ ವಾಹನಗಳು

ನಗರ ರಸ್ತೆಗಳ ಯೋಜನಾ ವರದಿಗಳನ್ನು ಸಿದ್ಧಪಡಿಸುವ ಎಂಜಿನಿಯರುಗಳಿಗೆ, ಸಂಚಾರ ತಜ್ಞರಿಗೆ ಮತ್ತು ಆ ವರದಿಗಳನ್ನು ಪರಿಶೀಲಿಸಿ ಸಹಿ ಹಾಕುವ ಅಧಿಕಾರಿಗಳಿಗೆ ಬಹಿರಂಗ ಪತ್ರ



ಬೆಂಗಳೂರಿನಲ್ಲಿ ಮೇಲ್ಸೇತುವೆ, ಎತ್ತರಿಸಿದ ರಸ್ತೆ ಅಥವಾ ಸುರಂಗ ರಸ್ತೆಯ ಪ್ರಸ್ತಾಪ ಬಂದಾಗಲೆಲ್ಲ ಸಾರ್ವಜನಿಕರ ಮನವಿಗಳು ಮುಖ್ಯಮಂತ್ರಿಗೋ ಸಚಿವರಿಗೋ ನ್ಯಾಯಾಲಯಕ್ಕೋ ಹೋಗುವುದು ವಾಡಿಕೆ. ಈ ಪತ್ರ ತಮ್ಮನ್ನು ಉದ್ದೇಶಿಸಿರುವುದಕ್ಕೆ ಕಾರಣವಿದೆ. ಯೋಜನೆಯನ್ನು ಘೋಷಿಸುವವರು ಯಾರೇ ಆಗಿರಲಿ, ಅದು ಅಗತ್ಯವೆಂಬುದಕ್ಕೆ ಅಂಕಿಗಳ ಆಧಾರ ಒದಗುವುದು ಎಂಜಿನಿಯರುಗಳ ಮೇಜಿನ ಮೇಲೆ. ಕಚೇರಿಗಳಲ್ಲಿ ಡಿಪಿಆರ್ ಎಂದೇ ಬಳಕೆಯಲ್ಲಿರುವ ವಿವರವಾದ ಯೋಜನಾ ವರದಿಯ ಸಂಚಾರ ಅಧ್ಯಾಯದಲ್ಲಿ ಒಮ್ಮೆ ಅಚ್ಚಾದ ಸಂಖ್ಯೆ ಅಲ್ಲಿಂದ ಸಂಪುಟದ ಟಿಪ್ಪಣಿಗೆ, ಬ್ಯಾಂಕಿನ ಸಾಲದ ಅರ್ಜಿಗೆ, ಪತ್ರಿಕಾಗೋಷ್ಠಿಗೆ ದಾಟಿಹೋಗುತ್ತದೆ ಮತ್ತು ಆ ಬಳಿಕ ಅದನ್ನು ಯಾರೂ ಮರಳಿ ಕೆದಕುವುದಿಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ನಾಗರಿಕರು ಮಾನವ ಸರಪಳಿ ರಚಿಸಿದರು, ಮುಂದಿನ ವರ್ಷ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಯೋಜನೆ ನಿಂತಿತಾದರೂ ಅದನ್ನು ಸಮರ್ಥಿಸಿದ ಲೆಕ್ಕದ ಕ್ರಮ ನಿಲ್ಲಲಿಲ್ಲ. ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ನೆಲದಡಿಯಲ್ಲಿ ಸುಮಾರು 17 ಕಿಲೋಮೀಟರ್ ಸಾಗಲಿರುವ ಸುರಂಗ ರಸ್ತೆಯ ಪ್ರಸ್ತಾವ ಈಗ ಬಂದಿದ್ದು, ಆ ಕ್ರಮವನ್ನೇ ಪ್ರಶ್ನಿಸಬೇಕಾದ ಹೊತ್ತು ಇದಾಗಿದೆ.

ಆ ಕ್ರಮ ಹೊರಗಿನವರಿಗೆ ಅಷ್ಟಾಗಿ ಪರಿಚಿತವಲ್ಲ. ಮೊದಲು ಈಗಿರುವ ರಸ್ತೆಗಳಲ್ಲಿ ಕೆಲವು ದಿನ ವಾಹನಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸಲಾಗುತ್ತದೆ. ನಗರವನ್ನು ವಲಯಗಳಾಗಿ ಭಾಗಿಸಿ, ಯಾವ ವಲಯದಿಂದ ಯಾವ ವಲಯಕ್ಕೆ ಎಷ್ಟು ಪ್ರಯಾಣಗಳು ನಡೆಯುತ್ತವೆ ಎಂಬ ಕೋಷ್ಟಕವನ್ನು ರಚಿಸಲಾಗುತ್ತದೆ. ಜನಸಂಖ್ಯೆ, ವರಮಾನ ಮತ್ತು ವಾಹನ ನೋಂದಣಿಯ ಏರಿಕೆಯನ್ನು ನೋಡಿಕೊಂಡು ವಾರ್ಷಿಕ ಬೆಳವಣಿಗೆಯ ದರವೊಂದನ್ನು ನಿಗದಿಪಡಿಸಿ, ಇಪ್ಪತ್ತು ಮೂವತ್ತು ವರ್ಷಗಳ ನಂತರದ ಸಂಚಾರವನ್ನು ಅಂದಾಜು ಮಾಡಲಾಗುತ್ತದೆ. ಬಳಿಕ ಆ ಸಂಚಾರವನ್ನು ಒಮ್ಮೆ ಹೊಸ ರಸ್ತೆಯಿಲ್ಲದ ನಕ್ಷೆಯ ಮೇಲೂ ಇನ್ನೊಮ್ಮೆ ಹೊಸ ರಸ್ತೆಯಿರುವ ನಕ್ಷೆಯ ಮೇಲೂ ಹರಿಸಿ, ಎರಡರ ನಡುವೆ ಉಳಿತಾಯವಾಗುವ ನಿಮಿಷಗಳಿಗೆ ರೂಪಾಯಿಯ ಬೆಲೆ ಕಟ್ಟಿ, ಯೋಜನೆಯ ಲಾಭವೆಂದು ತೋರಿಸಲಾಗುತ್ತದೆ. ನಗರ ರಸ್ತೆಗಳ ಆರ್ಥಿಕ ಸಮರ್ಥನೆಯ ಬಹುಪಾಲು ನಿಂತಿರುವುದು ಈ ನಿಮಿಷಗಳ ಮೇಲೆ. ಇಷ್ಟರಲ್ಲಿ ಒಂದು ಊಹೆ ಸದ್ದಿಲ್ಲದೆ ಒಳಗೆ ಸೇರಿಕೊಂಡಿರುತ್ತದೆ: ರಸ್ತೆ ಬಂದರೂ ಬರದಿದ್ದರೂ ಪ್ರಯಾಣಗಳ ಕೋಷ್ಟಕ ಒಂದೇ. ಜನ ದಾರಿಯನ್ನು ಬದಲಿಸಬಹುದು, ಆದರೆ ಹೊರಡುವುದೋ ಬೇಡವೋ, ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ವಾಹನದಲ್ಲಿ ಎಂಬುದನ್ನು ಬದಲಿಸುವುದಿಲ್ಲ ಎಂದು ಲೆಕ್ಕ ಮೊದಲೇ ತೀರ್ಮಾನಿಸಿರುತ್ತದೆ. ಇದನ್ನು ಸ್ಥಿರ ಪ್ರಯಾಣ ಕೋಷ್ಟಕದ ವಿಧಾನ ಎನ್ನಬಹುದು.

ಈ ಊಹೆ ಏಕೆ ನಿಲ್ಲುವುದಿಲ್ಲವೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ವಿವರಿಸಿದ್ದರು. ಟೋಲ್ ಇಲ್ಲದ ನಗರ ರಸ್ತೆಯನ್ನು ಬಳಸಲು ಜನ ತೆರುವ ಮುಖ್ಯ ಬೆಲೆ ಹಣವಲ್ಲ, ಸಮಯ; ದಟ್ಟಣೆಯೆಂಬುದು ಆ ಬೆಲೆಯ ಏರಿಕೆಯಾದ್ದರಿಂದ, ರಸ್ತೆಯನ್ನು ಅಗಲಗೊಳಿಸಿದಾಗ ಬೆಲೆ ಇಳಿಯುತ್ತದೆ, ಬೆಲೆ ಇಳಿದಾಗ ಬಳಕೆ ಏರುತ್ತದೆ. ಡೌನ್ಸ್ ತಮ್ಮ ನಂತರದ ಬರಹಗಳಲ್ಲಿ ಈ ಏರಿಕೆ ಮೂರು ದಿಕ್ಕುಗಳಿಂದ ಬರುತ್ತದೆಂದು ತೋರಿಸಿದರು. ಬೇರೆ ದಾರಿಗಳಲ್ಲಿ ಹೋಗುತ್ತಿದ್ದವರು ಹೊಸ ರಸ್ತೆಗೆ ತಿರುಗುತ್ತಾರೆ. ಬೆಳಗ್ಗೆ ಏಳಕ್ಕೇ ಮನೆ ಬಿಡುತ್ತಿದ್ದವರು ಒಂಬತ್ತಕ್ಕೆ ಹೊರಡುವ ಧೈರ್ಯ ಮಾಡುತ್ತಾರೆ. ಬಸ್ಸು, ರೈಲು ಹಿಡಿಯುತ್ತಿದ್ದವರು ಕಾರು ತೆಗೆಯುತ್ತಾರೆ. ಇವರ ಜೊತೆಗೆ, ದಟ್ಟಣೆಗೆ ಅಂಜಿ ಹೊರಡದೆಯೇ ಇದ್ದವರ ಸುಪ್ತ ಬೇಡಿಕೆಯೂ ಎಚ್ಚರಗೊಳ್ಳುತ್ತದೆ. ರಸ್ತೆಯೇ ಹೀಗೆ ಹುಟ್ಟಿಸಿದ ಓಡಾಟವನ್ನು ಪ್ರೇರಿತ ಸಂಚಾರ ಎಂದು ಕರೆಯಬಹುದು. ಇದರಲ್ಲಿ ಮೊದಲನೆಯದಾದ ದಾರಿ ಬದಲಾವಣೆಯನ್ನು ಮಾತ್ರ ತಮ್ಮ ವರದಿಗಳು ಚೆನ್ನಾಗಿ ಲೆಕ್ಕಿಸುತ್ತವೆ. ಉಳಿದವು ಮೇಲೆ ಹೇಳಿದ ಕೋಷ್ಟಕದ ಹೊರಗೇ ಉಳಿಯುತ್ತವೆ.

ಇವೆಲ್ಲಕ್ಕಿಂತ ನಿಧಾನವಾಗಿ, ಆದರೆ ಎಲ್ಲಕ್ಕಿಂತ ಬಲವಾಗಿ ಕೆಲಸ ಮಾಡುವುದು ನೆಲದ ಬಳಕೆ. ಬೆಂಗಳೂರಿನ ಹೊರ ವರ್ತುಲ ರಸ್ತೆ ಇದಕ್ಕೆ ಪಠ್ಯಪುಸ್ತಕದಲ್ಲಿ ಸೇರಿಸಬಹುದಾದ ನಿದರ್ಶನ. ಊರಿನೊಳಗೆ ನುಗ್ಗುತ್ತಿದ್ದ ಲಾರಿಗಳನ್ನು ಹೊರಗಿನಿಂದಲೇ ಸಾಗಹಾಕುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿರ್ಮಿಸಿದ ಈ ರಸ್ತೆಯ ಮುಖ್ಯ ಉದ್ದೇಶವಾಗಿತ್ತು. 2000ರ ದಶಕದ ಆರಂಭದ ಹೊತ್ತಿಗೆ ವರ್ತುಲ ಪೂರ್ಣಗೊಂಡಿತು. ಸುತ್ತಲಿನ ಜಮೀನಿಗೆ ಸುಲಭ ದಾರಿ ದೊರೆತದ್ದೇ ತಡ, ಮಾರತ್ತಹಳ್ಳಿ, ಬೆಳ್ಳಂದೂರು, ಮಹದೇವಪುರದ ಉದ್ದಕ್ಕೂ ಸಾಫ್ಟ್‌ವೇರ್ ಪಾರ್ಕುಗಳೂ ಅಪಾರ್ಟ್‌ಮೆಂಟುಗಳೂ ಎದ್ದವು, ಮತ್ತು ಊರನ್ನು ಬಳಸಿಹೋಗಲೆಂದು ಹಾಕಿದ ದಾರಿಯೇ ಊರಿನ ಅತಿ ದಟ್ಟವಾದ ಉದ್ಯೋಗದ ಬೀದಿಯಾಯಿತು. ಅಲ್ಲಿನ ದಟ್ಟಣೆಗೆ ಜನಸಂಖ್ಯೆಯನ್ನೂ ಐಟಿ ಉದ್ಯಮವನ್ನೂ ಹೊಣೆ ಮಾಡುವವರು ಅರ್ಧ ಸತ್ಯ ಹೇಳುತ್ತಾರೆ. ಉದ್ಯಮ ಹೇಗೂ ಬರುತ್ತಿತ್ತು. ಬಸ್ಸೂ ರೈಲೂ ಸರಿಯಾಗಿ ತಲುಪದ ಆ ಪಟ್ಟಿಯಲ್ಲೇ ಬಂದು ಕೂರುವುದಕ್ಕೆ ರಸ್ತೆ ಕಾರಣವಾಯಿತು. ಈಗ ಅದೇ ರಸ್ತೆಯ ನಡುವೆ ಮೆಟ್ರೊ ಕಂಬಗಳನ್ನು ನಿಲ್ಲಿಸಲಾಗುತ್ತಿದೆ, ಎಂದರೆ ಮೊದಲೇ ಆಗಬೇಕಿದ್ದ ಕೆಲಸ ಎರಡು ದಶಕ ತಡವಾಗಿ ನಡೆಯುತ್ತಿದೆ.

ಹೊಸೂರು ರಸ್ತೆಯ ಕಥೆಯೂ ಹೆಚ್ಚು ಭಿನ್ನವಲ್ಲ. 2010ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು 10 ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ ತೆರೆಯಿತು. ಆ 10 ಕಿಲೋಮೀಟರಿನಲ್ಲಿ ಸಮಯ ಉಳಿದದ್ದು ನಿಜ. ಉಳಿದ ಸಮಯವನ್ನು ಅದರ ಉತ್ತರದ ತುದಿಯಲ್ಲಿರುವ ಸಿಲ್ಕ್ ಬೋರ್ಡ್ ಜಂಕ್ಷನ್ ವಸೂಲಿ ಮಾಡಿತೆಂಬುದೂ ನಿಜ. ಅದೇ ಜಂಕ್ಷನ್ನಿಗೆ 2024ರ ಜುಲೈನಲ್ಲಿ ರಾಗಿಗುಡ್ಡದ ಕಡೆಯಿಂದ ಎರಡಂತಸ್ತಿನ ಮೇಲ್ಸೇತುವೆ ಬಂದು ಸೇರಿತು. ಸುರಂಗದ ದಕ್ಷಿಣ ತುದಿಯೂ ಅಲ್ಲಿಗೇ ಬರಲಿದೆ.

ಸ್ಥಿರ ಕೋಷ್ಟಕವನ್ನು ನಂಬಿ, ಬಳಿಕ ಅಧಿಕೃತವಾಗಿ ಬಿಟ್ಟುಕೊಟ್ಟ ದೇಶವೊಂದರ ಅನುಭವ ತಮ್ಮ ವೃತ್ತಿಗೆ ನೇರವಾಗಿ ಸಂಬಂಧಿಸಿದ್ದು. 1986ರಲ್ಲಿ ಲಂಡನ್ನಿನ ಸುತ್ತ ಸುಮಾರು 188 ಕಿಲೋಮೀಟರಿನ ಎಂ25 ವರ್ತುಲ ಹೆದ್ದಾರಿ ಪೂರ್ಣಗೊಂಡಾಗ, ಮುಂದೆಂದೋ ಬರುವುದೆಂದು ಅಂದಾಜಿಸಿದ್ದ ಸಂಚಾರವನ್ನು ಅದರ ಹಲವು ಭಾಗಗಳು ಕೆಲವೇ ವರ್ಷಗಳಲ್ಲಿ ಮೀರಿದವು. ಅಷ್ಟಾದರೂ 1989ರಲ್ಲಿ ಬ್ರಿಟಿಷ್ ಸರ್ಕಾರ ಭಾರಿ ರಸ್ತೆ ಕಾರ್ಯಕ್ರಮವೊಂದನ್ನು ಪ್ರಕಟಿಸಿತು. 2025ರ ಹೊತ್ತಿಗೆ ದೇಶದ ವಾಹನ ಸಂಚಾರ ಶೇಕಡಾ 83ರಿಂದ 142ರಷ್ಟು ಹೆಚ್ಚುತ್ತದೆಂಬ ಮುನ್ನಂದಾಜು ಅದಕ್ಕೆ ಆಧಾರವಾಗಿತ್ತು. ಆ ಮುನ್ನಂದಾಜನ್ನೇ ಕೈಯಲ್ಲಿ ಹಿಡಿದು ಕೆಲವರು, ಅಷ್ಟು ಸಂಚಾರಕ್ಕೆ ಸಾಲುವಷ್ಟು ರಸ್ತೆಯನ್ನು ಯಾವ ಸರ್ಕಾರವೂ ಕಟ್ಟಲಾರದಲ್ಲವೇ ಎಂಬ ಸರಳ ಪ್ರಶ್ನೆ ಕೇಳಿದರು. ಸರ್ಕಾರಕ್ಕೆ ರಸ್ತೆಗಳ ಮೌಲ್ಯಮಾಪನದ ಬಗ್ಗೆ ಸಲಹೆ ನೀಡುತ್ತಿದ್ದ ಸ್ಥಾಯಿ ಸಮಿತಿಯೊಂದು, ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಸಾಕ್ಟ್ರಾ ಎಂದು ಹೆಸರಾದದ್ದು, 1994ರಲ್ಲಿ ವರದಿ ಕೊಟ್ಟಿತು. ಪ್ರೇರಿತ ಸಂಚಾರವೆಂಬುದು ಇದೆ, ಅದನ್ನು ಬಿಟ್ಟು ಮಾಡಿದ ಲೆಕ್ಕ ಯೋಜನೆಯ ಲಾಭವನ್ನು ಹಿಗ್ಗಿಸಿ ತೋರಿಸಬಹುದು, ಜಾಲವು ತನ್ನ ಸಾಮರ್ಥ್ಯದ ಅಂಚಿನಲ್ಲಿರುವಲ್ಲಿ ಈ ದೋಷ ಎಲ್ಲಕ್ಕಿಂತ ದೊಡ್ಡದು ಎಂಬುದು ಅದರ ತಿರುಳು. ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಹೇಳಿದವರು ಬೀದಿಗಿಳಿದ ಪ್ರತಿಭಟನಕಾರರಲ್ಲ, ಸರ್ಕಾರವೇ ನೇಮಿಸಿದ ತಜ್ಞರು. ಅಲ್ಲಿನ ಸಾರಿಗೆ ಇಲಾಖೆ ಆ ತೀರ್ಮಾನವನ್ನು ಒಪ್ಪಿ ತನ್ನ ಮೌಲ್ಯಮಾಪನದ ಮಾರ್ಗಸೂಚಿಯನ್ನು ತಿದ್ದಿಕೊಂಡಿತು. 1990ರ ದಶಕದಲ್ಲಿ ಆ ದೇಶದ ರಸ್ತೆ ಕಾರ್ಯಕ್ರಮ ಕಿರಿದಾಗುತ್ತ ಹೋದದ್ದಕ್ಕೆ ಹಣದ ಕೊರತೆ, ಪರಿಸರವಾದಿಗಳ ಹೋರಾಟ ಇವೂ ಕಾರಣ, ಆದರೆ ಲೆಕ್ಕದ ಪುಸ್ತಕವೇ ಬದಲಾದದ್ದು ಸಣ್ಣ ಕಾರಣವಲ್ಲ.

ಪ್ರೇರಿತ ಸಂಚಾರದ ಪ್ರಮಾಣ ಎಷ್ಟೆಂಬ ಪ್ರಶ್ನೆಗೆ ಹೆಚ್ಚು ಖಚಿತವಾದ ಉತ್ತರ 2011ರಲ್ಲಿ ಬಂದಿತು. ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮಹಾನಗರಗಳ 1983, 1993 ಮತ್ತು 2003ರ ಅಂಕಿಗಳನ್ನು ಹೋಲಿಸಿ, ನಗರದೊಳಗಿನ ಅಂತರರಾಜ್ಯ ಹೆದ್ದಾರಿಗಳ ಉದ್ದ ಶೇಕಡಾ 1ರಷ್ಟು ಹೆಚ್ಚಿದರೆ ಅವುಗಳ ಮೇಲೆ ವಾಹನಗಳು ಓಡುವ ದೂರವೂ ಹೆಚ್ಚು ಕಡಿಮೆ ಶೇಕಡಾ 1ರಷ್ಟೇ ಹೆಚ್ಚುತ್ತದೆಂದು ಕಂಡುಕೊಂಡರು. ಇಲ್ಲಿ ಹೆದ್ದಾರಿಯ ಉದ್ದವೆಂದರೆ ಪಥಗಳ ಸಂಖ್ಯೆಯನ್ನು ಸೇರಿಸಿ ಎಣಿಸಿದ ಉದ್ದ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ, ರಸ್ತೆಗೆ ಸಂಬಂಧಿಸಿದಂತೆ ಸಂಚಾರದ ಸ್ಥಿತಿಸ್ಥಾಪಕತ್ವ ಸುಮಾರು 1. ಸಾಮಾನ್ಯ ಮಾತಿನಲ್ಲಿ, ಕಟ್ಟಿದಷ್ಟೂ ತುಂಬುತ್ತದೆ. ಈ ಅಧ್ಯಯನವನ್ನು ರಸ್ತೆ ವಿರೋಧಿಗಳು ಉತ್ಸಾಹದಿಂದ ಉದ್ಧರಿಸುತ್ತಾರೆ, ಆದರೆ ಅದರ ಇನ್ನೊಂದು ತೀರ್ಮಾನವನ್ನು ಅಷ್ಟೇ ಉತ್ಸಾಹದಿಂದ ಮುಚ್ಚಿಡುತ್ತಾರೆ: ಸಾರ್ವಜನಿಕ ಸಾರಿಗೆಯನ್ನು ಹೆಚ್ಚಿಸಿದ್ದರಿಂದಲೂ ಆ ನಗರಗಳಲ್ಲಿ ವಾಹನ ಸಂಚಾರ ಇಳಿದದ್ದು ಕಂಡುಬರಲಿಲ್ಲ. ಕಾರಣ ಊಹಿಸಲು ಕಷ್ಟವಲ್ಲ. ಒಬ್ಬ ಕಾರು ಬಿಟ್ಟು ರೈಲು ಹತ್ತಿದರೆ ಅವನು ತೆರವು ಮಾಡಿದ ಜಾಗಕ್ಕೆ ಇನ್ನೊಬ್ಬನ ಕಾರು ಬರುತ್ತದೆ. 2025ರ ಆಗಸ್ಟಿನಲ್ಲಿ ಆರಂಭವಾದ ಬೊಮ್ಮಸಂದ್ರದ ಹಳದಿ ಮಾರ್ಗವಾಗಲಿ, ಬೇರೆ ಯಾವುದೇ ಮೆಟ್ರೊ ಮಾರ್ಗವಾಗಲಿ, ಕೆಳಗಿನ ರಸ್ತೆಯನ್ನು ಶಾಶ್ವತವಾಗಿ ಖಾಲಿ ಮಾಡುತ್ತದೆಂದು ಭರವಸೆ ಕೊಡುವುದು ಆದ್ದರಿಂದ ಪ್ರಾಮಾಣಿಕವಲ್ಲ. ಮೆಟ್ರೊ ಕೊಡುವುದು ದಟ್ಟಣೆಯಿಂದ ಬಿಡುಗಡೆ ಪಡೆದ ಇನ್ನೊಂದು ದಾರಿಯನ್ನು. ಒಂದೇ ನೆಲದಲ್ಲಿ ಹಲವು ಪಟ್ಟು ಜನರನ್ನು ಸಾಗಿಸುವ ಸಾಮರ್ಥ್ಯವನ್ನು. ಅದಕ್ಕೆ ಅಷ್ಟು ಸಮರ್ಥನೆ ಸಾಕು.

ಪ್ರೇರಿತ ಸಂಚಾರ ಅಲ್ಪಸ್ವಲ್ಪವಿದ್ದರೆ ಏನಾಯಿತು, ಲಾಭದ ಬಹುಪಾಲು ಉಳಿಯುತ್ತದಲ್ಲ ಎಂಬ ವಾದ ಎಂಜಿನಿಯರುಗಳ ವಲಯದಲ್ಲಿ ಕೇಳಿಬರುತ್ತದೆ. ಅದನ್ನು ಅವರದೇ ಉಪಕರಣದಿಂದ ಪರೀಕ್ಷಿಸಬಹುದು. ಅಮೆರಿಕದ ಸಾರ್ವಜನಿಕ ರಸ್ತೆಗಳ ಸಂಸ್ಥೆ 1964ರಲ್ಲಿ ಪ್ರಕಟಿಸಿದ, ಇಂದಿಗೂ ಸಂಚಾರ ಮಾದರಿಗಳಲ್ಲಿ ಬಳಕೆಯಲ್ಲಿರುವ ಸೂತ್ರದ ಪ್ರಕಾರ, ರಸ್ತೆಯ ಮೇಲಿನ ಸಂಚಾರವನ್ನು ಅದರ ಸಾಮರ್ಥ್ಯದಿಂದ ಭಾಗಿಸಿದಾಗ ದೊರೆಯುವ ಅನುಪಾತದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ವಿಳಂಬ ಏರುತ್ತದೆ. ಖಾಲಿ ರಸ್ತೆಯಲ್ಲಿ 10 ನಿಮಿಷ ಹಿಡಿಯುವ ದಾರಿಯಲ್ಲಿ ಸಂಚಾರವು ಸಾಮರ್ಥ್ಯದ ಒಂದೂವರೆ ಪಟ್ಟು ಇದ್ದರೆ, ಈ ಸೂತ್ರ ಸುಮಾರು 17.6 ನಿಮಿಷ ಕೊಡುತ್ತದೆ. ರಸ್ತೆಯ ಸಾಮರ್ಥ್ಯವನ್ನು ಒಂದೂವರೆ ಪಟ್ಟಿಗೆ ಏರಿಸಿ, ಸಂಚಾರ ಹಿಂದಿನಷ್ಟೇ ಎಂದು ಹಿಡಿದರೆ ಅದು 11.5 ನಿಮಿಷಕ್ಕೆ ಇಳಿಯುತ್ತದೆ. ವರದಿಯಲ್ಲಿ ಪ್ರತಿ ಪ್ರಯಾಣಕ್ಕೆ ಆರು ನಿಮಿಷದ ಉಳಿತಾಯ ಅಚ್ಚಾಗುತ್ತದೆ. ಸಂಚಾರ ಶೇಕಡಾ 20ರಷ್ಟು ಹೆಚ್ಚಿದರೆ ಉಳಿತಾಯ ನಾಲ್ಕೂವರೆ ನಿಮಿಷ. ಶೇಕಡಾ 40ರಷ್ಟು ಹೆಚ್ಚಿದರೆ ಎರಡು ನಿಮಿಷವೂ ಇಲ್ಲ. ಇದು ಒಂದು ದಾರಿಯ ಸರಳ ಗಣಿತ ಮಾತ್ರ, ಯಾವ ನಗರದ ಅಳತೆಯೂ ಅಲ್ಲ. ಆದರೂ ಬೆಳವಣಿಗೆಯ ದರದಲ್ಲಿ ಅರ್ಧ ಶೇಕಡಾ ಅತ್ತಿತ್ತಾದರೆ ಗಂಟೆಗಟ್ಟಲೆ ಚರ್ಚಿಸುವ ಸಭೆಗಳು ಇಷ್ಟು ದೊಡ್ಡ ಊಹೆಯನ್ನು ಕಣ್ಣೆತ್ತಿಯೂ ನೋಡದಿರುವುದು ಸೋಜಿಗ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಹೊಸದಾಗಿ ಹೊರಟ ಪ್ರಯಾಣಿಕನೂ ಪ್ರಯೋಜನವಿಲ್ಲದೆ ಹೊರಟಿರುವುದಿಲ್ಲ. ಆಸ್ಪತ್ರೆಗೋ ಉತ್ತಮ ಕೆಲಸಕ್ಕೋ ಮದುವೆಗೋ ಹೋಗುವ ಅವನ ಲಾಭವನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬ ಅರ್ಥಶಾಸ್ತ್ರಜ್ಞರ ಮಾತು ಸರಿಯಾದದ್ದು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ 2000ದಿಂದ ಈಚೆಗೆ ಹಳ್ಳಿಗಳಿಗೆ ಡಾಂಬರು ರಸ್ತೆ ಹಾಕಿದಾಗ, ಮೊದಲು ಇಲ್ಲದ ಓಡಾಟ ಹುಟ್ಟುವುದೇ ಅದರ ಸಾರ್ಥಕ್ಯವಾಗಿತ್ತು. ಅಲ್ಲಿ ಪ್ರೇರಿತ ಸಂಚಾರವನ್ನು ದೋಷವೆನ್ನುವವನು ಮಳೆಗಾಲದ ಹಳ್ಳಿಯನ್ನು ನೋಡಿರಲಾರ. ವ್ಯತ್ಯಾಸವಿರುವುದು ದಟ್ಟಣೆಯಲ್ಲಿ. ಹಳ್ಳಿಯ ರಸ್ತೆಗೆ ಬಂದ ಹೊಸ ಬೈಕು ಯಾರ ನಿಮಿಷವನ್ನೂ ಕಸಿಯುವುದಿಲ್ಲ, ಆದರೆ ಹೆಬ್ಬಾಳದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಬಂದ ಹೊಸ ಕಾರು ತನ್ನ ಹಿಂದಿನ ಎಲ್ಲರನ್ನೂ ತಡಮಾಡುತ್ತದೆ, ಮತ್ತು ಆ ನಷ್ಟ ಅದರ ಮಾಲೀಕನ ಲೆಕ್ಕದಲ್ಲಿ ಕಾಣುವುದಿಲ್ಲ. ಹಾಗೆಯೇ ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ದಾಟಿರುವುದಕ್ಕೆ ರಸ್ತೆ ವಿಸ್ತರಣೆಯೊಂದೇ ಕಾರಣವಲ್ಲ. ಸಂಬಳ, ಸುಲಭ ಸಾಲ, ನಂಬಲಾಗದ ಬಸ್ಸು ಇವೆಲ್ಲವೂ ಸೇರಿವೆ.

ಬಸ್ಸಿನ ಮಾತು ಬಂದದ್ದರಿಂದ, ಅಳತೆಯ ಘಟಕದ ಬಗ್ಗೆಯೂ ಹೇಳಬೇಕು. ಬಗೆಬಗೆಯ ವಾಹನಗಳನ್ನು ಒಂದೇ ಮಾನಕ್ಕೆ ತರಲು ಎಂಜಿನಿಯರುಗಳು ಪಿಸಿಯು ಎಂಬ ಘಟಕವನ್ನು ಬಳಸುತ್ತಾರೆ; ಒಂದು ಕಾರು ಆಕ್ರಮಿಸುವ ರಸ್ತೆಯ ಪಾಲನ್ನು 1 ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸುವ ಕ್ರಮ ಇದು. ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ನಗರ ರಸ್ತೆಗಳ ಸಾಮರ್ಥ್ಯಕ್ಕೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಬಸ್ಸಿಗೆ, ಸಂಚಾರದಲ್ಲಿ ಅದರ ಪ್ರಮಾಣವನ್ನು ಅನುಸರಿಸಿ, 2.2ರಿಂದ 3.7ರವರೆಗೆ ಮೌಲ್ಯವಿದೆ. ಜಾಗದ ಲೆಕ್ಕವಾಗಿ ಇದು ತಪ್ಪಲ್ಲ. ಆದರೆ ಅರವತ್ತು ಜನರನ್ನು ಹೊತ್ತ ಬಸ್ಸೂ ಒಬ್ಬೊಬ್ಬರೇ ಕುಳಿತ ಮೂರು ಕಾರುಗಳೂ ಆ ಕೋಷ್ಟಕದಲ್ಲಿ ಸರಿಸಮಾನವಾಗುತ್ತವೆ. ರಸ್ತೆಯ ಸೇವೆಯನ್ನು ಪಿಸಿಯುವಿನಲ್ಲಿ ಅಳೆದಾಗ ಬಸ್ಸು ರಸ್ತೆಗೆ ಹೊರೆಯಾಗಿಯೇ ಕಾಣುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಗುರಿಯೆಂದು ಸ್ಪಷ್ಟವಾಗಿ ಸಾರಿದ್ದರೂ, ಆ ನೀತಿಯನ್ನು ಮುನ್ನುಡಿಯಲ್ಲಿ ಸ್ಮರಿಸಿ ಒಳಗೆ ಪಿಸಿಯುವಿನಲ್ಲೇ ಎಣಿಸುವ ವರದಿಗಳಿಗೆ ಕೊರತೆಯಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ನಗರದ ವಾಹನಗಳು ಇಮ್ಮಡಿಯಾದಾಗ ನಗರ ಸಾರಿಗೆ ಸಂಸ್ಥೆಯಾದ ಬಿಎಂಟಿಸಿಯ ಬಸ್ಸುಗಳು ಆರೇಳು ಸಾವಿರದ ಆಸುಪಾಸಿನಲ್ಲೇ ನಿಂತಿವೆ. 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಮೀಸಲಿಟ್ಟ ಪಥ ಕೋವಿಡ್ ಮತ್ತು ಮೆಟ್ರೊ ಕಾಮಗಾರಿಯ ನಡುವೆ ಮರೆಯಾಯಿತು; ಅದನ್ನು ಮರಳಿ ತರಲು ಸುರಂಗ ಕೊರೆಯುವ ಯಂತ್ರ ಬೇಕಾಗಿರಲಿಲ್ಲ.

ಸುರಂಗ ರಸ್ತೆಗೆ ಅಂದಾಜಿಸಿರುವ ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಬೆಂಗಳೂರು ಉಪನಗರ ರೈಲಿನ ನಾಲ್ಕು ಮಾರ್ಗಗಳ ಒಟ್ಟು ಉದ್ದ 148 ಕಿಲೋಮೀಟರ್, ಆಗಿನ ಅಂದಾಜು 15,767 ಕೋಟಿ ರೂಪಾಯಿ. ಎರಡು ಬೇರೆ ವರ್ಷಗಳ ಬೆಲೆಗಳನ್ನು ಪಕ್ಕಪಕ್ಕ ಇಡುವುದು ಶಾಸ್ತ್ರೀಯವಲ್ಲವೆಂಬ ಆಕ್ಷೇಪ ಸರಿಯೇ. ಆದರೆ ಬೆಲೆಯೇರಿಕೆಯನ್ನು ಎಷ್ಟೇ ಉದಾರವಾಗಿ ಸೇರಿಸಿದರೂ ಕಿಲೋಮೀಟರಿಗೆ ಎಷ್ಟೆಂಬ ಅಂತರ ಅಳಿಯುವುದಿಲ್ಲ. 2022ರ ಜೂನಿನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಗಡುವು ಕೇಳಿಬಂದಿದ್ದ ಆ ಉಪನಗರ ಯೋಜನೆಯ ಒಂದು ರೈಲೂ ಆ ಗಡುವಿನೊಳಗೆ ಓಡಲಿಲ್ಲ. ನೋಂದಾಯಿತ ವಾಹನಗಳಲ್ಲಿ ಮೂರನೇ ಎರಡರಷ್ಟಕ್ಕಿಂತ ಹೆಚ್ಚು ದ್ವಿಚಕ್ರ ವಾಹನಗಳೇ ಇರುವ ಊರಿನಲ್ಲಿ, ಅವುಗಳಿಗೆ ಪ್ರವೇಶವಿಲ್ಲದ ಸುರಂಗಕ್ಕೆ ಇಷ್ಟು ಹಣ ಹೋಗುವುದಾದರೆ, ಪ್ರಶ್ನೆ ಸಂಚಾರ ಶಾಸ್ತ್ರವನ್ನು ದಾಟಿ ಹಂಚಿಕೆಯ ನ್ಯಾಯಕ್ಕೆ ತಲುಪುತ್ತದೆ.

ಸುರಂಗಕ್ಕೆ ಟೋಲ್ ಇರುವುದರಿಂದ ಬೇಡಿಕೆ ತಾನಾಗಿ ಹತೋಟಿಯಲ್ಲಿರುತ್ತದೆಂಬ ಸಮರ್ಥನೆ ಅರ್ಧದಾರಿಯವರೆಗೆ ಮಾತ್ರ ಬರುತ್ತದೆ. 1975ರಲ್ಲಿ ಸಿಂಗಪುರ, 2003ರಲ್ಲಿ ಲಂಡನ್, 2006ರಲ್ಲಿ ಪ್ರಾಯೋಗಿಕವಾಗಿ ಸ್ಟಾಕ್‌ಹೋಮ್ ಜಾರಿಗೆ ತಂದದ್ದು ದಟ್ಟಣೆ ಶುಲ್ಕ; ಎಂದರೆ ಈಗಾಗಲೇ ತುಂಬಿರುವ ರಸ್ತೆಯನ್ನು ತುಂಬಿದ ಹೊತ್ತಿನಲ್ಲಿ ಬಳಸುವವರಿಂದ ಬೆಲೆ ಪಡೆಯುವುದು. ಸ್ಟಾಕ್‌ಹೋಮ್‌ನಲ್ಲಿ ಶುಲ್ಕದ ಗಡಿಯನ್ನು ದಾಟುವ ವಾಹನಗಳು ಸುಮಾರು ಶೇಕಡಾ 20ರಷ್ಟು ಇಳಿದವು, ಮೊದಲು ವಿರೋಧಿಸಿದ್ದ ಜನ ಪ್ರಯೋಗದ ನಂತರದ ಜನಮತಗಣನೆಯಲ್ಲಿ ಅದನ್ನು ಒಪ್ಪಿದರು. ಸುರಂಗದ ಟೋಲ್ ಇದಕ್ಕೆ ವಿರುದ್ಧ ದಿಕ್ಕಿನದು: ಹೊಸ ಜಾಗಕ್ಕೆ ಬೆಲೆಯಿಟ್ಟು, ಮೇಲಿನ ಹಳೆಯ ರಸ್ತೆಯನ್ನು ಬಿಟ್ಟಿಯಾಗಿಯೇ ಉಳಿಸುತ್ತದೆ, ಟೋಲ್ ಕೊಟ್ಟು ಕೆಳಗಿಳಿದವರ ಜಾಗವನ್ನು ಮೇಲೆ ಬೇರೆಯವರು ತುಂಬುತ್ತಾರೆ. ಟೋಲಿನಿಂದಲೇ ಬಂಡವಾಳ ಮರಳಬೇಕಾದರೆ ವಾಹನಗಳು ಹೆಚ್ಚಿದಷ್ಟೂ ನಿರ್ವಾಹಕನಿಗೆ ಲಾಭವೆಂಬುದೂ ಮರೆಯತಕ್ಕದ್ದಲ್ಲ.

ರಸ್ತೆಯನ್ನು ಕಟ್ಟಲೇಬಾರದೆಂದು ಈ ಪತ್ರ ಕೇಳುತ್ತಿಲ್ಲ. ಕೇಳುತ್ತಿರುವುದು ತಮ್ಮ ಅಧಿಕಾರದ ಮಿತಿಯೊಳಗೇ ಇರುವ ಕೆಲಸ. ಪ್ರತಿ ವರದಿಯೂ ಸ್ಥಿರ ಕೋಷ್ಟಕದ ಫಲಿತಾಂಶದ ಪಕ್ಕದಲ್ಲಿ ಬದಲಾಗುವ ಕೋಷ್ಟಕದ ಫಲಿತಾಂಶವನ್ನೂ ಅಚ್ಚು ಮಾಡಲಿ. ಪಿಸಿಯುವಿನ ಜೊತೆಗೆ ಗಂಟೆಗೆ ಎಷ್ಟು ಜನ ದಾಟುತ್ತಾರೆಂಬ ಅಂಕಿಯನ್ನೂ ಕೊಡಲಿ. ಅದೇ ಹಣ ಬಸ್ಸಿಗೆ ಹೋದರೆ ಏನಾಗುವುದೆಂಬ ಪರ್ಯಾಯವನ್ನು ಒಂದು ಪ್ಯಾರಾದಲ್ಲಿ ತಳ್ಳಿಹಾಕದೆ ಅಷ್ಟೇ ಶ್ರದ್ಧೆಯಿಂದ ಲೆಕ್ಕಿಸಲಿ. ರಸ್ತೆ ತೆರೆದ ಒಂದನೆಯ ಮತ್ತು ಐದನೆಯ ವರ್ಷ ಅದೇ ಜಾಗಗಳಲ್ಲಿ ಮತ್ತೆ ಎಣಿಸಿ, ಮುನ್ನಂದಾಜಿನ ಎದುರಿಗೆ ಪ್ರಕಟಿಸುವ ಹೊಣೆಯನ್ನು ನಗರದ ಭೂಸಾರಿಗೆಯನ್ನು ಸಮನ್ವಯಗೊಳಿಸಲೆಂದೇ 2022ರ ಕಾಯ್ದೆಯಡಿ ರೂಪುಗೊಂಡ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಹೊರಬಹುದು. ಸುರಂಗದ ವರದಿಯಿಂದಲೇ ಇದನ್ನು ಆರಂಭಿಸಲು ಅಡ್ಡಿಯಿಲ್ಲ: ಬೆಳಗಿನ ಒಂದು ಗಂಟೆಯಲ್ಲಿ ಸಿಲ್ಕ್ ಬೋರ್ಡ್ ತುದಿಯಲ್ಲಿ ಹೊರಬರುವ ವಾಹನಗಳಲ್ಲಿ ಎಷ್ಟು ಇಂದು ಮೇಲಿನ ರಸ್ತೆಯಲ್ಲಿರುವಂಥವು, ಎಷ್ಟು ಮೆಟ್ರೊ ಮತ್ತು ಬಸ್ಸನ್ನು ಬಿಟ್ಟು ಬಂದಂಥವು, ಎಷ್ಟು ಸುರಂಗವಿಲ್ಲದಿದ್ದರೆ ಹೊರಡುತ್ತಲೇ ಇರದಂಥವು, ಮತ್ತು ಅವೆಲ್ಲ ಆ ಜಂಕ್ಷನ್ನಿನಿಂದ ಯಾವ ರಸ್ತೆಗೆ ಹೋಗಬೇಕು ಎಂಬ ನಾಲ್ಕು ಅಂಕಿಗಳನ್ನು, ಅವುಗಳ ಹಿಂದಿನ ಊಹೆಗಳೊಂದಿಗೆ, ಗುತ್ತಿಗೆಗೆ ಸಹಿ ಬೀಳುವ ಮೊದಲು ಸಾರ್ವಜನಿಕರ ಮುಂದಿಡಬೇಕೆಂದು ಕೋರಲಾಗಿದೆ.